ಹೆಬ್ಬಾಳಕ್ಕೆ ಎಷ್ಟು ಅಕ್ಷರ?

ಮೊದಲಿಗೆ ಒಂದು ಸಣ್ಣ ಲೆಕ್ಕ. "ಹೆಬ್ಬಾಳ" ಅನ್ನೋ ಪದದಲ್ಲಿ ಎಷ್ಟು ಅಕ್ಷರ ಇದೆ, ಹೇಳಿ ನೋಡೋಣ?

ಹೆ, ಬ್ಬಾ, ಳ. ಮೂರು. ಅಷ್ಟೇ ತಾನೇ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನನ್ನ ಬ್ರೌಸರ್‌ನ ಕೇಳಿದರೆ ಅದು "ಏಳು" ಅನ್ನುತ್ತದೆ. ಇನ್ನೊಂದು ರೀತಿಯಲ್ಲಿ, ಸ್ವಲ್ಪ ಮರ್ಯಾದೆ ಕೊಟ್ಟು ಕೇಳಿದರೆ "ನಾಲ್ಕು" ಅನ್ನುತ್ತದೆ. ಮೂರು ಅಂತ ಮಾತ್ರ ತಾನಾಗಿ ಹೇಳುವುದಿಲ್ಲ. ಈ ಮೂರು, ನಾಲ್ಕು, ಏಳರ ಜಗಳದಲ್ಲಿ ನನ್ನ ಒಂದೂವರೆ ತಿಂಗಳ ಭಾನುವಾರಗಳು ಹೋದವು. ಆ ಕಥೆಯನ್ನೂ, ಅದರಿಂದ ನನಗೆ ಅನ್ನಿಸಿದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಕಂಪ್ಯೂಟರ್ ವಿಷಯ ಅಂತ ಓಡಿಹೋಗಬೇಡಿ, ಇದು ಕಾಗುಣಿತದ ವಿಷಯ :)

ನಮ್ಮಪ್ಪ ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. 1984ರಲ್ಲಿ ಶುರುವಾದಾಗ ಅದರ ಹೆಸರು ವ್ಹೀಲ್ ಅಂಡ್ ಆಕ್ಸಲ್ ಪ್ಲಾಂಟ್. ಆಮೇಲೆ ಹೆಸರು ಬದಲಾದರೂ ಅಪ್ಪನ ಬಾಯಲ್ಲಿ ಇವತ್ತಿಗೂ ಅದು "ಪ್ಲಾಂಟು". ಬೆಳಗಿನ ಪಾಳಿಗೆ ಹೊರಡುವ ಮುಂಚೆ ಪೇಪರಿನ ಪದಬಂಧ ಮುಗಿಸಿಯೇ ಹೋಗುತ್ತಿದ್ದರು. ಪೆನ್ನಿನಲ್ಲೇ ತುಂಬುತ್ತಿದ್ದರು, ಪೆನ್ಸಿಲ್ ಹಿಡಿಯುವುದು ಅಂದರೆ ಸೋತಂತೆ. ನಿವೃತ್ತಿಯ ನಂತರ ಅದೇ ಅವರ ದೊಡ್ಡ ಕೆಲಸವಾಗಿತ್ತು. ಎರಡು ವರ್ಷದಿಂದ ಅಪ್ಪನ ಕೈ ನಡುಗುತ್ತದೆ. ಆ ಸಣ್ಣ ಸಣ್ಣ ಚೌಕಗಳಲ್ಲಿ ಅಕ್ಷರ ಕೂರುವುದಿಲ್ಲ, ಒತ್ತಕ್ಷರ ಪಕ್ಕದ ಮನೆಗೆ ಹೋಗಿಬಿಡುತ್ತದೆ. ಒಂದು ದಿನ ನೋಡುತ್ತೇನೆ, ಪದಬಂಧದ ಪುಟ ಹಾಗೇ ಖಾಲಿ ಮಡಿಸಿಟ್ಟಿದೆ. ಯಾಕಪ್ಪಾ ಅಂದರೆ, "ಈಗಿನವರ ಸುಳಿವುಗಳೇ ಸರಿಯಿಲ್ಲಮ್ಮ" ಅಂದರು. ಅಮ್ಮ ಅಡುಗೆಮನೆಯಿಂದ ನನ್ನ ಕಡೆ ನೋಡಿದಳು, ಏನೂ ಮಾತಾಡಲಿಲ್ಲ.

ಆವತ್ತೇ ನಿರ್ಧಾರ ಮಾಡಿದೆ. ಅಪ್ಪನಿಗೆ ಟ್ಯಾಬ್ಲೆಟ್ ಪರದೆಯಲ್ಲಿ ದೊಡ್ಡ ದೊಡ್ಡ ಮನೆಗಳ ಪದಬಂಧ ನಾನೇ ಮಾಡಿಕೊಡುತ್ತೇನೆ, ನನ್ನದೇ ಪುಟದಲ್ಲಿ. ಎಚ್‌ಟಿಎಂಎಲ್ ನನಗೆ ಅಷ್ಟಿಷ್ಟು ಗೊತ್ತು. ಒಂದು ಟೇಬಲ್, ಅದರೊಳಗೆ ಚೌಕಗಳು, ಒಂದಿಷ್ಟು ಜಾವಾಸ್ಕ್ರಿಪ್ಟ್. ಇಂಗ್ಲಿಷಿನ ಕ್ರಾಸ್‌ವರ್ಡ್‌ಗೆ ಇಂಥ ಮಾದರಿಗಳು ರಾಶಿ ರಾಶಿ ಸಿಗುತ್ತವೆ. ಒಂದನ್ನು ತಂದು ಅದರಲ್ಲಿ ಕನ್ನಡ ಪದ ಹಾಕಿದರೆ ಮುಗಿಯಿತು, ಅರ್ಧ ದಿನದ ಕೆಲಸ ಅಂದುಕೊಂಡೆ.

ಪದಗಳಾಗಿ ನಮ್ಮ ಸುತ್ತಮುತ್ತಲ ಊರುಗಳನ್ನೇ ಆರಿಸಿಕೊಂಡೆ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್‌ಟಿ ನಗರ, ವಿದ್ಯಾರಣ್ಯಪುರ. ಸುಳಿವುಗಳೂ ಮಜವಾಗಿ ಬಂದವು. "ಗಾಲಿ ಹುಟ್ಟುವ ಊರು" ಅಂದರೆ ಯಲಹಂಕ. "ಗಂಧದ ಸೋಪಿನ ಕಾರ್ಖಾನೆ ಇರುವ ಕಡೆ" ಅಂದರೆ ಯಶವಂತಪುರ. "ರವೀಂದ್ರನಾಥ ಠಾಕೂರರನ್ನು ಎರಡಕ್ಷರಕ್ಕೆ ಇಳಿಸಿದ ಬಡಾವಣೆ" ಅಂದರೆ ಆರ್‌ಟಿ ನಗರ. ಹೆಬ್ಬಾಳಕ್ಕೆ "ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಸಿಕ್ಕಿದ್ದು ಇಲ್ಲೇ" ಅಂತ ಬರೆದೆ. ಹೆಬ್ಬಾಳ ಅಂದರೆ ಫ್ಲೈಓವರ್ ಮೇಲಿನ ಟ್ರಾಫಿಕ್ ಜಾಮ್ ಅಷ್ಟೇ ಅಂದುಕೊಂಡವರಿಗೆ ತಿಳಿಯಲಿ ಅಂತ.

ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ಅಪ್ಪನ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು. ಮೊದಲನೇ ಸುಳಿವಿಗೇ ನಕ್ಕರು. ಆಮೇಲೆ ಹೆಬ್ಬಾಳ ತುಂಬಲು ಹೋದರು. "ಹ" ಒತ್ತಿದರು, ಬಂತು. ಎತ್ವ ಒತ್ತಿದರು, ಬರಲಿಲ್ಲ. ಮತ್ತೆ ಒತ್ತಿದರು. ಮತ್ತೆ..

"ಏನಮ್ಮಾ ಇದು, ಇದಕ್ಕೆ ಕಾಗುಣಿತ ಬರಲ್ವಾ?"

ತಮ್ಮ ಕೈ ನಡುಕದಿಂದಲೇ ತಪ್ಪಾಯಿತೇನೋ ಅಂತ ಬೆರಳನ್ನು ನೋಡಿಕೊಂಡರಲ್ಲ, ಅದನ್ನು ನೋಡಿ ನನಗೆ ಹೊಟ್ಟೆ ಚುರುಕ್ಕಂದಿತು. ತಪ್ಪು ಅಪ್ಪನದಾಗಿರಲಿಲ್ಲ. ನಾನು ತಂದ ಮಾದರಿಯಲ್ಲಿ ಪ್ರತಿ ಚೌಕಕ್ಕೂ ಮ್ಯಾಕ್ಸ್‌ಲೆಂಗ್ತ್ ಅಂತ ಒಂದು ಗುಣ ಇತ್ತು, ಬೆಲೆ ಒಂದು. ಅಂದರೆ ಒಂದು ಮನೆಗೆ ಒಂದೇ ಅಕ್ಷರ. ಇಂಗ್ಲಿಷಿಗೆ ಸರಿ. ಆದರೆ ಯೂನಿಕೋಡ್‌ನಲ್ಲಿ ಕನ್ನಡದ "ಹೆ" ಅನ್ನೋದು ಒಂದಲ್ಲ, ಎರಡು. "ಹ" ಒಂದು, ಅದರ ತಲೆಯ ಮೇಲಿನ ಎತ್ವ ಇನ್ನೊಂದು. "ಬ್ಬಾ" ಅಂದರೆ ನಾಲ್ಕು: ಬ, ವಿರಾಮ ಚಿಹ್ನೆ, ಮತ್ತೆ ಬ, ಆಮೇಲೆ ದೀರ್ಘ. "ಸ್ತ್ರೀ" ಅಂತ ಬರೆದರೆ ಆರು! ಹಾಗಾಗಿ ಚೌಕ "ಹ"ವನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಹಾಕಿಕೊಳ್ಳುತ್ತಿತ್ತು. ಎತ್ವ ಹೊಸ್ತಿಲ ಆಚೆಯೇ.

ಸರಿ, ಆ ಗುಣವನ್ನು ಕಿತ್ತುಹಾಕಿದೆ. ಈಗ ಎರಡನೇ ತಕರಾರು. ಒಂದು ಅಕ್ಷರ ತುಂಬಿದ ಕೂಡಲೇ ಕರ್ಸರ್ ತಾನಾಗಿ ಮುಂದಿನ ಮನೆಗೆ ಹಾರುವ ಸೌಲಭ್ಯ ಇರುತ್ತದಲ್ಲ, ಅದು "ಹ" ಬಿದ್ದ ತಕ್ಷಣ ಹಾರುತ್ತಿತ್ತು. ಎತ್ವ ಮುಂದಿನ ಮನೆಯಲ್ಲಿ ಒಂಟಿಯಾಗಿ ಚುಕ್ಕಿ ಗೋಲದ ಜೊತೆ ಕೂತಿರುತ್ತಿತ್ತು. ಇದನ್ನು ಸರಿಮಾಡಲು ಹೋದಾಗಲೇ ನನಗೆ ಒಂದು ವಿಷಯ ಹೊಳೆದಿದ್ದು. ಇಷ್ಟು ವರ್ಷ ಕನ್ನಡ ಬರೆದರೂ ಯೋಚಿಸಿರಲಿಲ್ಲ ನೋಡಿ. ಕನ್ನಡದಲ್ಲಿ ಟೈಪ್ ಮಾಡುವಾಗ ಒಂದು ಅಕ್ಷರ ಮುಗಿಯಿತು ಅಂತ ಮುಂದಿನ ಅಕ್ಷರ ಶುರುವಾಗುವ ತನಕ ಗೊತ್ತೇ ಆಗುವುದಿಲ್ಲ! "ಬ" ಒತ್ತಿದವರು ಮುಂದೆ "ಬಾ" ಮಾಡಬಹುದು, "ಬ್ಬಾ" ಮಾಡಬಹುದು, "ಬಂ" ಮಾಡಬಹುದು, ಹಾಗೇ ಬಿಡಲೂಬಹುದು. ಯಂತ್ರ ಕಾಯಬೇಕು. ಕಾಯುವುದನ್ನು ಆ ಮಾದರಿಗೆ ಯಾರೂ ಕಲಿಸಿರಲಿಲ್ಲ, ಯಾಕೆಂದರೆ ಅದನ್ನು ಬರೆದವರಿಗೆ ಕಾಯುವ ಅಗತ್ಯವೇ ಇರಲಿಲ್ಲ.

ಕೊನೆಗೆ ಆಟದ ವಿನ್ಯಾಸವನ್ನೇ ಬದಲಾಯಿಸಿದೆ. ಪ್ರತಿ ಮನೆಗೂ ಬೇರೆ ಬೇರೆ ಚೌಕ ಕೊಡುವ ಬದಲು, ಇಡೀ ಪದ ಬರೆಯಲು ಒಂದೇ ಉದ್ದದ ಡಬ್ಬಿ. ಅಪ್ಪ ಅದರಲ್ಲಿ "ಹೆಬ್ಬಾಳ" ಅಂತ ಬರೆದು ಒತ್ತಿದರೆ, ಪುಟವೇ ಅದನ್ನು ಅಕ್ಷರವಾಗಿ ಬಿಡಿಸಿ ಮನೆಗಳಿಗೆ ತುಂಬುತ್ತದೆ. ನಡುಗುವ ಬೆರಳಿಗೂ ಇದೇ ಸುಲಭ ಅಂತ ಆಮೇಲೆ ಗೊತ್ತಾಯಿತು.

ಆದರೆ "ಅಕ್ಷರವಾಗಿ ಬಿಡಿಸಿ" ಅಂದೆನಲ್ಲ, ಬಿಡಿಸುವವರು ಯಾರು? ಇಲ್ಲಿಂದ ಅಪ್ಪನೂ ನನ್ನ ಜೊತೆ ಕೂತರು. ಆಟ ಆಡಬೇಕಾದವರು ಆಟದ ನಿಯಮ ಹೇಳುವವರಾದರು. ನಾನು ಕೇಳುವುದು, ಅವರು ತೀರ್ಪು ಕೊಡುವುದು.

ಸೊನ್ನೆಗೆ ಬೇರೆ ಮನೆಯಾ? "ಇಲ್ಲ, ಹಂ ಒಂದೇ ಮನೆ." ಅಲ್ಲಿಗೆ ಯಲಹಂಕ ನಾಲ್ಕು ಮನೆ, ಕಂಪ್ಯೂಟರ್ ಲೆಕ್ಕದಲ್ಲಿ ಐದು. ಒತ್ತಕ್ಷರ? "ಅದೇನು ಕೇಳ್ತೀಯ, ಒಂದೇ ಮನೆ." ವಿದ್ಯಾರಣ್ಯಪುರ ಆರು ಮನೆ, ಕಂಪ್ಯೂಟರ್ ಲೆಕ್ಕದಲ್ಲಿ ಹದಿಮೂರು. ಬಸ್ ಅನ್ನೋ ಪದದ ಕೊನೆಯ ಸ್? ಇಲ್ಲಿ ಸ್ವಲ್ಪ ಯೋಚನೆ ಮಾಡಿದರು. "ಪದಬಂಧದಲ್ಲಿ ಪೊಲ್ಲಿಗೂ ಒಂದು ಮನೆ ಕೊಡಬೇಕು. ಛಂದಸ್ಸಿನ ಲೆಕ್ಕ ಇಲ್ಲಿಗೆ ತರಬೇಡ."

ಆರ್‌ಟಿ ನಗರ ಮಾತ್ರ ನಮ್ಮಿಬ್ಬರನ್ನೂ ಮೂರು ದಿನ ಕಾಡಿತು. ಅಪ್ಪನ ಲೆಕ್ಕ ಆ, ರ್, ಟಿ, ನ, ಗ, ರ. ಆರು ಮನೆ. ಪುಟ ಒಮ್ಮೆ ಆರು ಅನ್ನುತ್ತದೆ, ಒಮ್ಮೆ ಐದು ಅನ್ನುತ್ತದೆ. ಯಾಕೆ ಅಂತ ತಲೆ ಕೆರೆದುಕೊಂಡು ನೋಡಿದರೆ, "ರ್" ಮತ್ತು "ಟಿ" ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಅವೆರಡನ್ನೂ ಅಂಟದಂತೆ ಬೇರೆ ಇಡುವ ಚಿಹ್ನೆ, ಅದಕ್ಕೆ ಅಗಲವೇ ಇಲ್ಲ. ಅದು ಇದ್ದರೆ "ಆರ್‌ಟಿ". ಇಲ್ಲದಿದ್ದರೆ ಅರ್ಕಾವತ್ತು ಬಂದು "ಆರ್ಟಿ" ಆಗಿಬಿಡುತ್ತದೆ. ಇದು ಕಡೇಪಕ್ಷ ಕಣ್ಣಿಗೆ ಬೇರೆ ಕಾಣುತ್ತದೆ. ಪದದ ಕೊನೆಯಲ್ಲಿ ಆ ಚಿಹ್ನೆ ಸೇರಿಕೊಂಡರೆ ಕಣ್ಣಿಗೂ ಗೊತ್ತಾಗುವುದಿಲ್ಲ. ಎರಡು "ಬಸ್" ಅಚ್ಚು ಒಂದೇ ತರಹ ಕಾಣುತ್ತವೆ, ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ ಪದ. ಅಪ್ಪ ಸರಿಯಾದ ಉತ್ತರ ಬರೆದರೂ ಪುಟ ತಪ್ಪು ಅನ್ನುತ್ತದೆ. ಎಂಥ ಅನ್ಯಾಯ!

ಈ ಜಾಡು ಹಿಡಿದು ನನ್ನ ಹಳೇ ಬರಹಗಳನ್ನು ತೆಗೆದು ನೋಡಿದೆ. ನಾಚಿಕೆ ಆಯಿತು. ಎಷ್ಟೋ ಕಡೆ ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಹಾಕಿ "ಬೆ೦ಗಳೂರು" ಅಂತ ಬರೆದಿದ್ದೇನೆ. ಕಣ್ಣಿಗೆ ಎರಡೂ ಒಂದೇ. ಹುಡುಕಿದರೆ ಮಾತ್ರ ಸಿಗುವುದಿಲ್ಲ. ನಿಮ್ಮ ಹಳೆಯ ಪುಟಗಳಲ್ಲೂ ಒಮ್ಮೆ ನೋಡಿಕೊಳ್ಳಿ, ಆ ಕಾಲದಲ್ಲಿ ಬರೆದವರಲ್ಲಿ ನಾನೊಬ್ಬಳೇ ಈ ತಪ್ಪು ಮಾಡಿರಲಾರೆ :)

ಈಗ ಶುರುವಿನ "ನಾಲ್ಕರ" ಕಥೆಗೆ ಬರುತ್ತೇನೆ. ಈ ಬರಹದ ಮುಖ್ಯ ವಿಷಯವೂ ಅದೇ.

ಪಠ್ಯವನ್ನು ಬಿಡಿಬಿಡಿಯಾಗಿ ಒಡೆಯಲು ಬ್ರೌಸರ್‌ಗಳಲ್ಲಿ ಈಗ ಒಂದು ಸಿದ್ಧ ಸಲಕರಣೆ ಇದೆ, ಸೆಗ್ಮೆಂಟರ್ ಅಂತ. 2024ರ ಹೊತ್ತಿಗೆ ಎಲ್ಲ ದೊಡ್ಡ ಬ್ರೌಸರ್‌ಗಳಿಗೂ ಬಂತು. ಅದು ಯೂನಿಕೋಡ್ ನಿಯಮಗಳ ಪ್ರಕಾರ ನಡೆಯುತ್ತದೆ. ಕರ್ಸರ್ ಎಲ್ಲಿ ನಿಲ್ಲಬೇಕು, ಆಯ್ಕೆ ಮಾಡುವಾಗ ಯಾವುದು ಒಂದು ಘಟಕ ಅನ್ನುವುದಕ್ಕೆಲ್ಲ ಈ ನಿಯಮಗಳೇ ಆಧಾರ. ಮೊದಲು ಈ ನಿಯಮಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತಿತ್ತು. 2023ರಲ್ಲಿ ಬಂದ ಯೂನಿಕೋಡ್ 15.1 ಆವೃತ್ತಿಯಲ್ಲಿ ಇದನ್ನು ಸರಿಮಾಡಿ, ಒತ್ತಕ್ಷರವನ್ನು ಒಂದೇ ಘಟಕವಾಗಿ ಹಿಡಿಯುವ ಹೊಸ ನಿಯಮ ಸೇರಿಸಿದರು. ಯಾವ ಲಿಪಿಗಳಿಗೆ? ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ.

ಮತ್ತೊಮ್ಮೆ ಓದಿ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.

ಅಂದರೆ ಆ ನಿಯಮದಂತೆ ಹೆಬ್ಬಾಳವನ್ನು ತೆಲುಗು ಲಿಪಿಯಲ್ಲಿ ಬರೆದರೆ ಮೂರು ಘಟಕ, ಕನ್ನಡ ಲಿಪಿಯಲ್ಲಿ ಬರೆದರೆ ಹೆ, ಬ್, ಬಾ, ಳ ಅಂತ ನಾಲ್ಕು. ನಮ್ಮ ಊರಿನ ಹೆಸರು ಪಕ್ಕದ ಮನೆಯ ಲಿಪಿಯಲ್ಲಿ ಸರಿಯಾಗಿ ಒಡೆಯುತ್ತದೆ, ನಮ್ಮದೇ ಲಿಪಿಯಲ್ಲಿ ಇಲ್ಲ! ಅಪ್ಪನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಯಾರಾದರೂ ಹೇಳಿದ್ರಾ?" ಅಂದರು.

ನೋಡಿ, ನನಗೆ ಇದನ್ನು ಕನ್ನಡಕ್ಕಾದ ದೊಡ್ಡ ದ್ರೋಹ ಅಂತ ಕೂಗಾಡುವ ಉದ್ದೇಶವಿಲ್ಲ. ಈ ನಿಯಮಗಳು ಕರ್ಸರ್‌ಗೆ ಅಂತ ಮಾಡಿದ್ದು, ಪದಬಂಧಕ್ಕೆ ಅಂತಲ್ಲ. ನಿಮ್ಮ ಭಾಷೆಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು ಅಂತ ಆ ದಾಖಲೆಯಲ್ಲೇ ಹೇಳಿದ್ದಾರೆ. ನಾನೂ ಬದಲಾಯಿಸಿಕೊಂಡೆ. ಒಂದು ವ್ಯಂಜನ, ಅದರ ಹಿಂದೆ ವಿರಾಮ-ವ್ಯಂಜನದ ಜೋಡಿ ಎಷ್ಟು ಬಂದರೂ ಸರಿ, ಆಮೇಲೆ ಒಂದು ಸ್ವರ ಚಿಹ್ನೆ ಅಥವಾ ವಿರಾಮ, ಆಮೇಲೆ ಬೇಕಿದ್ದರೆ ಅನುಸ್ವಾರ ಅಥವಾ ವಿಸರ್ಗ. ಒಂಟಿ ಸ್ವರವಾದರೆ ಅದೇ ಒಂದು ಅಕ್ಷರ. ಇಷ್ಟೇ. ನಾಲ್ಕೈದು ಸಾಲಿನ ಕೋಡ್. ಪ್ರಾಥಮಿಕ ಶಾಲೆಯಲ್ಲಿ ಮೇಡಂ ಕಪ್ಪು ಹಲಗೆಯ ಮೇಲೆ ಬರೆಸಿದ್ದೇ ಇದು. ಅಪ್ಪನ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಯಾರಾದರೂ ಹೇಳಬೇಕಲ್ಲ. ಹೇಳಬೇಕಾದರೆ ಮೊದಲು ಯಾರಿಗಾದರೂ ಗೊತ್ತಾಗಬೇಕಲ್ಲ. ಗೊತ್ತಾಗಬೇಕಾದರೆ ಯಾರಾದರೂ ಕೂತು ಮಾಡಿ ನೋಡಬೇಕಲ್ಲ!

ನನ್ನ ವಾದ ಇಷ್ಟೇ. ಕನ್ನಡವನ್ನು ಬರೆದು ಓದುವುದಷ್ಟೇ ಆದರೆ ಇಂಥ ತೊಂದರೆಗಳು ಬೆಳಕಿಗೆ ಬರುವುದೇ ಇಲ್ಲ. ಪರದೆಯ ಮೇಲೆ ಅಕ್ಷರ ಚೆಂದ ಕಾಣುತ್ತದೆ, ನಾವು ಖುಷಿಯಾಗಿರುತ್ತೇವೆ. ಹುಡುಕಲು, ಜೋಡಿಸಲು, ಎಣಿಸಲು, ಆಡಲು ಹೋದಾಗಲೇ ಅಡಿಪಾಯದ ಬಿರುಕು ಕಾಣುವುದು. ಅದಕ್ಕೇ ನಮ್ಮ ನಮ್ಮ ಪುಟಗಳಲ್ಲಿ, ಎಷ್ಟೇ ಚಿಕ್ಕದಿರಲಿ, ಏನಾದರೂ ಒಂದನ್ನು ಕೈಯಾರೆ ಮಾಡಿ ನೋಡಬೇಕು. ಒಂದು ಒಗಟಿನ ಪುಟ, ಒಂದು ಅಂತ್ಯಾಕ್ಷರಿ, ಅಜ್ಜಿ ಊರಿನ ಪದಗಳ ಅಕಾರಾದಿ ಪಟ್ಟಿ, ಏನಾದರೂ ಸರಿ.

ಇದೇನು ನನ್ನ ಹೊಸ ಶೋಧವಲ್ಲ. ನಾವು ಈಗ ಹಾಯಾಗಿ ಕನ್ನಡ ಟೈಪ್ ಮಾಡುತ್ತಿರುವುದೇ ಹೀಗೆ ಮಾಡಿ ನೋಡಿದವರಿಂದ. ಕೆ.ಪಿ. ರಾವ್ ಅವರು ಕೀಲಿಮಣೆಯ ಮೇಲೆ ಅಕ್ಷರ ಹೇಗೆ ಕೂರಬೇಕು ಅಂತ ಯೋಚಿಸಿ ವಿನ್ಯಾಸ ಮಾಡಿಕೊಟ್ಟರು. ಯು.ಬಿ. ಪವನಜ ಅವರು 1996ರಲ್ಲೇ "ವಿಶ್ವಕನ್ನಡ" ಶುರುಮಾಡಿದರು, ಮಕ್ಕಳು ಕನ್ನಡದಲ್ಲೇ ಆಮೆ ಓಡಿಸಿ ಪ್ರೋಗ್ರಾಂ ಕಲಿಯಲಿ ಅಂತ ಕನ್ನಡ ಲೋಗೋ ಮಾಡಿದರು. ಶೇಷಾದ್ರಿವಾಸು ಅವರ "ಬರಹ" 1998ರಲ್ಲಿ ಬಂತು. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ "ಅಲರ್" ಅನ್ನುವ ಹೆಸರಿನಲ್ಲಿ ಎಲ್ಲರಿಗೂ ಸಿಕ್ಕಿತು. ಎಲ್ಲರೂ ಮಾಡಿದ್ದು ಒಂದೇ: ಇದು ಕನ್ನಡದಲ್ಲಿ ಯಾಕೆ ಆಗಬಾರದು ಅಂತ ಕೇಳಿಕೊಂಡು ಕೂತದ್ದು.

ನನ್ನ ಸಹೋದ್ಯೋಗಿಯೊಬ್ಬ ಇದನ್ನೆಲ್ಲ ಕೇಳಿ ನಕ್ಕ. "ಇರೋ ಹತ್ತು ಜನ ಓದುಗರಿಗೆ ಇಷ್ಟೆಲ್ಲ ಸರ್ಕಸ್ ಯಾಕೆ? ಆಟ ಬೇಕಿದ್ದರೆ ರೆಡಿಮೇಡ್ ಆಪ್ ಇಳಿಸಿಕೊಂಡರೆ ಆಯ್ತಲ್ಲ" ಅಂದ. ಅವನ ಮಾತಿನಲ್ಲಿ ಅರ್ಧ ಸತ್ಯ ಇದೆ. ಮಿನುಗುವ ಅಕ್ಷರ, ಓಡುವ ಸಾಲು, ಪುಟ ತೆಗೆದ ಕೂಡಲೇ ಕಿರುಚುವ ಹಾಡು, ಮೌಸಿನ ಹಿಂದೆ ಉದುರುವ ನಕ್ಷತ್ರ, ಇವೆಲ್ಲ ಒಂದು ಕಾಲದಲ್ಲಿ ನಾನೂ ಹಾಕಿದ್ದೇನೆ. ಯಾರಿಗೂ ಉಪಯೋಗ ಆಗಲಿಲ್ಲ. ಮೇಲಾಗಿ ಇಂಥವು ಉಳಿಯುವುದೂ ಇಲ್ಲ. 2009ರಲ್ಲಿ ಜಿಯೋಸಿಟೀಸ್ ಮುಚ್ಚಿತು, ಎಷ್ಟೋ ಜನರ ಮೊದಲ ಪುಟಗಳ ಕಾಲ ಅಲ್ಲಿಗೆ ಮುಗಿಯಿತು. 2020ರ ಕೊನೆಗೆ ಫ್ಲಾಶ್ ನಿಂತಿತು, ಅದರಲ್ಲಿ ಮಾಡಿದ ಆಟಗಳು ಬ್ರೌಸರ್‌ನಲ್ಲಿ ನಡೆಯದಂತಾದವು. ಹಾಗಾಗಿ ಏನೇ ಮಾಡಿದರೂ ಪದಗಳು ಸಾದಾ ಪಠ್ಯವಾಗಿಯೇ ಪುಟದಲ್ಲಿ ಇರಲಿ ಅನ್ನೋದು ನನ್ನ ಅಭಿಪ್ರಾಯ. ನನ್ನ ಪದಬಂಧದ ಸ್ಕ್ರಿಪ್ಟ್ ನಾಳೆ ಕೆಟ್ಟರೂ ಸುಳಿವುಗಳನ್ನು ಓದಬಹುದು, ಮುದ್ರಿಸಿಕೊಳ್ಳಬಹುದು. ಉತ್ತರ ಮುಚ್ಚಿಟ್ಟು ಒತ್ತಿದಾಗ ತೆರೆಯಲು ಸ್ಕ್ರಿಪ್ಟೇ ಬೇಕಿಲ್ಲ, ಎಚ್‌ಟಿಎಂಎಲ್‌ನಲ್ಲೇ "ಡೀಟೇಲ್ಸ್" ಅಂತ ಒಂದು ಟ್ಯಾಗ್ ಇದೆ. ಒಗಟಿನ ಪುಟಕ್ಕೆ ಹೇಳಿ ಮಾಡಿಸಿದಂತಿದೆ.

ಇನ್ನೊಂದು ಅತಿ ಸಣ್ಣ ಕೆಲಸ, ಇವತ್ತೇ ಮಾಡಬಹುದಾದದ್ದು. ನಿಮ್ಮ ಪುಟದ ಮೂಲವನ್ನು ತೆರೆದು ಮೊದಲ ಸಾಲಿನಲ್ಲಿ ಭಾಷೆ ಯಾವುದು ಅಂತ ಬರೆದಿದೆ ನೋಡಿ. ಸಿದ್ಧ ಟೆಂಪ್ಲೇಟ್ ಬಳಸಿದ್ದರೆ ಅಲ್ಲಿ ಇಂಗ್ಲಿಷ್ ಅಂತ ಇರುವ ಸಾಧ್ಯತೆಯೇ ಹೆಚ್ಚು. ನಾವು ಅಪ್ಪಟ ಕನ್ನಡದಲ್ಲಿ ಬರೆದು, ಯಂತ್ರಕ್ಕೆ "ಇದು ಇಂಗ್ಲಿಷ್" ಅಂತ ಸುಳ್ಳು ಹೇಳುತ್ತಿದ್ದೇವೆ! ಅದನ್ನು ಕನ್ನಡದ ಸಂಕೇತಕ್ಕೆ ಬದಲಿಸಿ, ಎರಡೇ ಅಕ್ಷರ, "ಕೆ" ಮತ್ತು "ಎನ್". ಕಣ್ಣು ಕಾಣದವರು ಬಳಸುವ ಎನ್‌ವಿಡಿಎ ತರಹದ ಓದುವ ತಂತ್ರಾಂಶಗಳು ಈ ಗುರುತನ್ನು ನೋಡಿಯೇ ಕನ್ನಡದ ಧ್ವನಿಗೆ ಬದಲಾಗುತ್ತವೆ. ಹತ್ತೇ ಜನ ಓದುಗರಿದ್ದರೂ ಅವರಲ್ಲಿ ಒಬ್ಬರು ಕೇಳಿಸಿಕೊಂಡು ಓದುವವರಿರಬಹುದು.

ಸಹೋದ್ಯೋಗಿಯ ಮಾತಿನ ಇನ್ನರ್ಧಕ್ಕೆ ನನ್ನ ಉತ್ತರ: ರೆಡಿಮೇಡ್ ಆಪ್ ಮಾಡುವವರು ಕೂಡ ಎಲ್ಲೋ ಒಂದು ಸಿದ್ಧ ಮಾದರಿಯ ಮೇಲೇ ಕಟ್ಟುತ್ತಾರೆ, ಆ ಮಾದರಿಗೆ "ಬ್ಬಾ" ಒಂದೇ ಅಕ್ಷರ ಅಂತ ಯಾರೋ ಒಬ್ಬರು ಹೇಳಿರಬೇಕು. ಆ ಯಾರೋ ಒಬ್ಬರು ದುಡ್ಡಿಗಾಗಿ ಬರುವುದಿಲ್ಲ. ನಡುಗುವ ಕೈಯ ಅಪ್ಪನಿಗಾಗಿ ಭಾನುವಾರ ಕೂತವರೇ ಆಗಿರುತ್ತಾರೆ.

ನಾನು ಕನ್ನಡದ ಒತ್ತಕ್ಷರಗಳನ್ನು, ಅರ್ಕಾವತ್ತನ್ನು, ಕಾಣದ ಚಿಹ್ನೆಗಳನ್ನು ಸೇರಿಸಿ ನೂರು ಪದಗಳ ಒಂದು ಪರೀಕ್ಷಾ ಪಟ್ಟಿ ಮಾಡುತ್ತಿದ್ದೇನೆ. ಪ್ರತಿ ಪದದ ಎದುರಿಗೆ ಅಪ್ಪನ ಎಣಿಕೆ, ಬ್ರೌಸರ್‌ನ ಎಣಿಕೆ. ಮುಗಿದ ಮೇಲೆ ಯೂನಿಕೋಡ್‌ನವರಿಗೆ ಕಳಿಸುವುದು ಅಂತ ಯೋಚನೆ. ನನ್ನೊಬ್ಬಳ ಮನೆಯ ಲೆಕ್ಕಕ್ಕಿಂತ ಹತ್ತು ಕಡೆಯ ಲೆಕ್ಕ ಇದ್ದರೆ ತೂಕ ಹೆಚ್ಚು. ಮಂಗಳೂರು, ಧಾರವಾಡ, ಕಾಸರಗೋಡಿನ ಪದಗಳೂ ಬರಲಿ. ನಿಮ್ಮ ಕಡೆಯ ಕಷ್ಟದ ಪದಗಳಿದ್ದರೆ ದಯವಿಟ್ಟು ಕೊಡಿ.

ಹಾಂ, ಮರೆತೆ. ಪದಬಂಧ ಈಗ ಓಡುತ್ತಿದೆ. ಮೊನ್ನೆ ಭಾನುವಾರ ಅಪ್ಪ ಹದಿನೆಂಟು ನಿಮಿಷದಲ್ಲಿ ಮುಗಿಸಿದರು. ಕನ್ನಡಕ ತೆಗೆದಿಟ್ಟು, "ಎಲ್ಲ ಸರಿ ಇದೆಯಮ್ಮ. ಆದರೆ ಸುಳಿವುಗಳು ತುಂಬಾ ಸುಲಭ ಆಯ್ತು" ಅಂದರು.

ಮುಂದಿನ ವಾರದ ಸುಳಿವುಗಳನ್ನು ಅವರೇ ಬರೆಯುತ್ತಾರಂತೆ.